ಕೆಲವು ಜೀವಿಗಳ ಮೈಯಲ್ಲಿ ಮಂಜುಗಡ್ಡೆ ಬೆಳೆಯದಂತೆ ತಡೆಯುವ ಹಿಮನಿರೋಧಕ ಪ್ರೋಟೀನನ್ನು ಇನ್ನಷ್ಟು ಬಲಪಡಿಸುವುದು ಹೇಗೆ?

ಮಂಜುಗಡ್ಡೆಗೆ ಅಂಟುವ ಅದರ ಮುಖವನ್ನು ದೊಡ್ಡದು ಮಾಡುವುದು ಒಂದು ದಾರಿ. ಈ ಪ್ರೋಟೀನ್ ಮಂಜುಗಡ್ಡೆಯ ಹರಳಿನ ಮೇಲೆ ಅಲ್ಲಲ್ಲಿ ಕಚ್ಚಿಕೊಂಡಾಗ, ಮಂಜು ಬೆಳೆಯಬೇಕಾದರೆ ನಡುವಿನ ಸಂದುಗಳಲ್ಲಿ ಉಬ್ಬಿಕೊಂಡೇ ಬೆಳೆಯಬೇಕು. ಉಬ್ಬಿದ ಮೇಲ್ಮೈಗೆ ನೀರು ಸೇರಿ ಗಟ್ಟಿಯಾಗಲು ಇನ್ನೂ ಹೆಚ್ಚು ಚಳಿ ಬೇಕು. ಅಲ್ಲಿಯವರೆಗೆ ಬೆಳವಣಿಗೆ ನಿಂತಂತೆಯೇ.

ಹಿಟ್ಟಿನ ಹುಳುವಿನ ಪ್ರೋಟೀನು ಸ್ಪ್ರಿಂಗಿನಂತೆ ಸುರುಳಿ ಸುತ್ತಿದೆ. ಪ್ರತಿ ಸುತ್ತಿನ ಒಂದೇ ಬದಿಯಲ್ಲಿ ಥ್ರಿಯೊನಿನ್ ಎಂಬ ಅಮೈನೊ ಆಮ್ಲದ ಜೋಡಿಯಿದ್ದು, ಅದೇ ಮಂಜಿಗೆ ಹೊಂದುವ ಭಾಗ. 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸುತ್ತುಗಳನ್ನು 6ರಿಂದ 9ಕ್ಕೆ ಏರಿಸಿದಾಗ, ಸಾಂದ್ರತೆಗೆ ತಕ್ಕಂತೆ, ಮಂಜನ್ನು ತಡೆಯುವ ಶಕ್ತಿ 10ರಿಂದ 100 ಪಟ್ಟು ಹೆಚ್ಚಿತು. ಹಾಗಂತ ಉದ್ದ ಮಾಡುತ್ತಲೇ ಹೋದರೆ ಆಗದು! ಪ್ರೋಟೀನಿನಲ್ಲಿ ಥ್ರಿಯೊನಿನ್‌ಗಳ ನಡುವಿನ ಅಂತರಕ್ಕೂ ಹರಳಿನಲ್ಲಿ ಪರಮಾಣುಗಳ ನಡುವಿನ ಅಂತರಕ್ಕೂ ಇರುವ ಚೂರು ವ್ಯತ್ಯಾಸ ಸುತ್ತುಸುತ್ತಿಗೂ ಕೂಡುತ್ತಾ ಹೋಗುವುದು ಇದಕ್ಕೆ ಕಾರಣವಿರಬಹುದು.