ಬಿಯಾರಿಟ್ಜ್‌ನಿಂದ ಸಾಗ್ರೆಸ್‌ವರೆಗೆ ಸರ್ಫಿಂಗ್ ಪ್ರವಾಸ: ದೊಡ್ಡ ಕ್ಯಾಂಪರ್‌ವ್ಯಾನಾ, ಚಿಕ್ಕದಾ?

ಹನ್ನೆರಡು ದಿನ, ಮೂರು ದೇಶ, ಇಬ್ಬರು, ಅಕ್ಟೋಬರ್. ನಿಮ್ಮ ಪ್ರಶ್ನೆ ಓದಿ ನನಗೆ ಎದೆ ಝಲ್ ಎಂದಿತು. 2022ರಲ್ಲಿ ನಾನೂ ನನ್ನ ತಮ್ಮನೂ ಹಾಕಿದ್ದು ಇದೇ ಪ್ಲಾನ್. ಫ್ರಾನ್ಸಿನ ಬಿಯಾರಿಟ್ಜ್‌ನಲ್ಲಿ ಮಲಗಲೂ ಅಡುಗೆಗೂ ಜಾಗವಿರುವ ಕ್ಯಾಂಪರ್‌ವ್ಯಾನ್ ಹತ್ತುವುದು, ಸ್ಪೇನಿನ ಉತ್ತರ ಕರಾವಳಿ ಹಿಡಿದು ಪೋರ್ಚುಗಲ್‌ಗೆ ಇಳಿಯುವುದು, ಕೊನೆಗೆ ಸಾಗ್ರೆಸ್. ಅಲೆ ಕಂಡಲ್ಲಿ ನಿಲ್ಲಿಸಿ ನೀರಿಗೆ ಇಳಿಯುವುದು. ಟಾಯ್ಲೆಟ್ ಇರುವ ದೊಡ್ಡ ವ್ಯಾನ್ ತಗೊಳ್ಳಲಾ, ಚಿಕ್ಕದು ಸಾಕಾ ಎಂದು ಕೇಳಿದ್ದೀರಿ. ನನ್ನ ಉತ್ತರ, ಎರಡೂ ಬೇಡ.

ನಮ್ಮ ಮನೆ ಹಳೆಯಂಗಡಿ ಹತ್ತಿರ. ಸಸಿಹಿತ್ಲು ಬೀಚಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದೆವು. 2016ರಲ್ಲಿ ಅಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆಯಿತಲ್ಲ, ಅದನ್ನು ನೋಡಿದ ಮೇಲೆ ತಮ್ಮ ಬೋರ್ಡ್ ಹಿಡಿದ. ಅವನ ಹಿಂದೆ ನಾನು. ನಾನು ಕೆಲಸಕ್ಕೆ ಸ್ಟುಟ್‌ಗಾರ್ಟ್‌ಗೆ ಬಂದೆ, ಅವನು ಓದಲು ನೆದರ್‌ಲ್ಯಾಂಡ್ಸ್‌ಗೆ ಬಂದ. ಕಡಲ ತೀರದವರು ನಾವು, ನಮಗೇನು ಹೊಸದು ಎಂಬ ಧೈರ್ಯ ಇಬ್ಬರಿಗೂ ಇತ್ತು.

ಆದರೆ ಆ ಕಡಲೇ ಬೇರೆ. ನಮ್ಮ ಕಡೆ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಒಂದೂವರೆ ಮೀಟರ್ ಆಸುಪಾಸು ವ್ಯತ್ಯಾಸ. ಅಲ್ಲಿ ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ಮೂರೂವರೆ, ನಾಲ್ಕು ಮೀಟರ್. ಬೆಳಿಗ್ಗೆ ಚೆನ್ನಾಗಿ ಮುರಿಯುತ್ತಿದ್ದ ಅಲೆ ಮಧ್ಯಾಹ್ನಕ್ಕೆ ಇರುವುದೇ ಇಲ್ಲ. ಇನ್ನೊಂದು, ಅಲೆ ಅಲೆಯ ನಡುವಿನ ಹೊತ್ತು. ಫೋರ್‌ಕಾಸ್ಟ್‌ನಲ್ಲಿ ಎತ್ತರ ಒಂದೂವರೆ ಮೀಟರ್ ಎಂದಿದ್ದರೆ ಸಾಲದು, ಪಕ್ಕದಲ್ಲಿ ಎಷ್ಟು ಸೆಕೆಂಡ್ ಎಂದಿದೆ ನೋಡಬೇಕು. 8 ಸೆಕೆಂಡಿನ ಅಲೆ ಪಕ್ಕದ ಗಾಳಿ ಎಬ್ಬಿಸಿದ್ದು, ದೂಡುತ್ತದೆ ಅಷ್ಟೆ. 15 ಸೆಕೆಂಡಿನದು ಉತ್ತರ ಅಟ್ಲಾಂಟಿಕ್‌ನ ದೂರದ ಬಿರುಗಾಳಿಯಿಂದ ಹೊರಟು ಬಂದದ್ದು. ಅದೇ ಎತ್ತರವಿದ್ದರೂ ಮೇಲೆ ಬಿದ್ದಾಗ ಉಸಿರು ಕಟ್ಟಿಸುತ್ತದೆ. ಊರಿನ 28 ಡಿಗ್ರಿ ನೀರಲ್ಲಿ ಬರೀ ಟೀ ಶರ್ಟ್ ಹಾಕಿ ಕಲಿತವರಿಗೆ 18 ಡಿಗ್ರಿಯಲ್ಲಿ ವೆಟ್‌ಸೂಟ್ ಎಂಬ ದಪ್ಪ ರಬ್ಬರ್ ಉಡುಪು ಹಾಕಿ ಕೈ ಬೀಸುವುದೇ ಒಂದು ಕೆಲಸ.

ಇದನ್ನೆಲ್ಲ ಕಲಿಯಲು ಒಂದೇ ಬೀಚನ್ನು ದಿನವಿಡೀ ನೋಡಬೇಕು. ನಾವು ದಿನಾ ಗಾಡಿ ಓಡಿಸುತ್ತಿದ್ದೆವು. ಸ್ಪೇನಿನ ಬಾಸ್ಕ್ ಸೀಮೆಯ ಮುಂಡಾಕಾದಲ್ಲಿ ನದಿ ಕಡಲು ಸೇರುವಲ್ಲಿ ಹೆಸರಾಂತ ಅಲೆ ಇದೆ. ಅದು ಇಳಿತದ ಹೊತ್ತಿನ ಅಲೆ. ನಾವು ತಲುಪಿದ್ದು ತುಂಬಿದ ಉಬ್ಬರದಲ್ಲಿ. ಕಂಡದ್ದು ಕೆರೆಯಂಥ ನೀರು. ನಮ್ಮ ಮಟ್ಟದವರು ಅಲ್ಲಿ ಇಳಿಯಬಾರದು, ಆ ಮಾತು ಬೇರೆ. ಆದರೆ ಆರು ಗಂಟೆ ಕಾದು ನೋಡುವ ವ್ಯವಧಾನವೂ ನಮಗಿರಲಿಲ್ಲ, ಯಾಕೆಂದರೆ ರಾತ್ರಿಯೊಳಗೆ ಮುಂದಿನ ಕ್ಯಾಂಪ್ ಸೈಟ್ ಸೇರಬೇಕಿತ್ತು. ಇಡೀ ದಾರಿ ಹೀಗೆಯೇ. ಬಿಯಾರಿಟ್ಜ್‌ನಿಂದ ಸಾಗ್ರೆಸ್‌ಗೆ ಕರಾವಳಿ ಹಿಡಿದು ಹೋದರೆ 1,500 ಕಿಲೋಮೀಟರ್ ದಾಟುತ್ತದೆ. ಎಂಟು ದಿನ ಆದ ಮೇಲೆ ತಮ್ಮ ಲೆಕ್ಕ ಹಾಕಿದ. ನೀರಿನಲ್ಲಿ ಇದ್ದದ್ದು ಒಟ್ಟು ಏಳು ಗಂಟೆ.

ಪೋರ್ಚುಗಲ್‌ನ ನಝರೆಯಲ್ಲಿ ಮಾತ್ರ ನಿಂತೆವು. ನೋಡಲಿಕ್ಕೆ. ಲೈಟ್‌ಹೌಸ್ ಇರುವ ಕೋಟೆಯ ಗೋಡೆಗೆ ಒರಗಿ ನಿಂತರೆ ಕೆಳಗೆ ಪ್ರಾಯಾ ದೊ ನೋರ್ತೆ ಬೀಚ್. ಅಲ್ಲಿ ಕಡಲ ತಳದಲ್ಲಿ ಒಂದು ಕಮರಿ ಇದೆ, ಅತಿ ಆಳದ ಕಡೆ ಸುಮಾರು 5,000 ಮೀಟರ್. ಅಲೆ ಆ ಆಳದಲ್ಲಿ ವೇಗ ಕಳೆದುಕೊಳ್ಳದೆ ಬಂದು ದಡದ ಹತ್ತಿರ ಒಮ್ಮೆಲೇ ಮೇಲೇಳುತ್ತದೆ. 2020ರ ಅಕ್ಟೋಬರ್ 29ರಂದು ಜರ್ಮನಿಯ ಸೆಬಾಸ್ಟಿಯನ್ ಸ್ಟಾಯ್ಡ್ಟ್‌ನರ್ ಅಲ್ಲಿ 86 ಅಡಿಯ ಅಲೆ ಇಳಿದಿದ್ದ. ನಾವು ಹೋದ ದಿನ ಅಂಥದ್ದೇನೂ ಇರಲಿಲ್ಲ. ಆದರೂ ಅಲೆ ಬಿದ್ದಾಗ ಗೋಡೆ ಅದುರುವುದು ಅಂಗೈಗೆ ಗೊತ್ತಾಗುತ್ತಿತ್ತು.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಒಂಬತ್ತನೇ ದಿನ. ಪೋರ್ಚುಗಲ್‌ನ ನೈಋತ್ಯ ಮೂಲೆ, ಕರಪತೈರಾ ಎಂಬ ಹಳ್ಳಿ, ಪ್ರಾಯಾ ದೊ ಅಮಾದೊ ಬೀಚ್. ಮೇಲೆ ಮಣ್ಣಿನ ಪಾರ್ಕಿಂಗ್, ಕೆಳಗೆ ಅಗಲ ಮರಳು. ನೀರಿಗೆ ಇಳಿಯುವಾಗ ಎಲ್ಲ ವ್ಯಾನಿನವರಿಗೂ ಒಂದೇ ಚಿಂತೆ, ಕೀ ಎಲ್ಲಿಡುವುದು? ಟೈರ್ ಮೇಲೆ ಇಟ್ಟರೆ ಕಳ್ಳರು ಮೊದಲು ಕೈ ಹಾಕುವುದೇ ಅಲ್ಲಿ. ಬೀಚಿನಲ್ಲಿ ಟವೆಲ್ ಅಡಿ ಇಡುವುದಕ್ಕೂ ಆಗುವುದಿಲ್ಲ. ವ್ಯಾನ್ ಒಳಗೆ ಇಬ್ಬರ ಪಾಸ್‌ಪೋರ್ಟ್, ಲ್ಯಾಪ್‌ಟಾಪ್, ಎಲ್ಲ ಇತ್ತು. ಅದಕ್ಕೇ ನಾನು ಕೀಯನ್ನು ಮೊಬೈಲ್ ಇಡುವ ವಾಟರ್‌ಪ್ರೂಫ್ ಪೌಚಿಗೆ ಹಾಕಿ ವೆಟ್‌ಸೂಟ್ ಒಳಗೆ ಎದೆ ಹತ್ತಿರ ಸೇರಿಸಿದೆ. ಹಿಂದಿನ ಎಂಟು ದಿನವೂ ಹಾಗೇ ಮಾಡಿದ್ದೆ, ಏನೂ ಆಗಿರಲಿಲ್ಲ.

ಆ ಪೌಚ್ ಇರುವುದು ಮಳೆಗೆ. ದೋಣಿಯಲ್ಲಿ ಕೂತಾಗ ಎರಚುವ ನೀರಿಗೆ. ಅಲೆ ಮೇಲೆ ಬಿದ್ದು ನೀವು ತಳಕ್ಕೆ ಉರುಳಿದಾಗ ಬೀಳುವ ಒತ್ತಡಕ್ಕೆ ಅಲ್ಲ. ಒಂದೂವರೆ ಗಂಟೆ ಬಿಟ್ಟು ಮೇಲೆ ಬಂದು ನೋಡಿದರೆ ಒಳಗೆ ಎರಡು ಚಮಚದಷ್ಟು ನೀರು, ಅದರಲ್ಲಿ ಕೀ ಮುಳುಗಿತ್ತು. ಬಟನ್ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಅರ್ಧ ಗಂಟೆ ಒತ್ತಿದೆ, ಬಿಸಿಲಿಗೆ ಹಿಡಿದೆ, ಬಾಯಿಂದ ಊದಿ ಮತ್ತೆ ಒತ್ತಿದೆ.

ನಿಜವಾದ ತಪ್ಪು ಈ ಅರ್ಧ ಗಂಟೆ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಉಪ್ಪುನೀರು ಬಿದ್ದ ಮಾತ್ರಕ್ಕೆ ಕೀ ತಕ್ಷಣ ಸಾಯುವುದಿಲ್ಲ. ಬ್ಯಾಟರಿ ಒಳಗಿರುವಾಗ ಉಪ್ಪುನೀರು ಬಿದ್ದರೆ ಕರೆಂಟ್ ಕೀ ಒಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆಲ್ಲ ಹರಿಯುತ್ತದೆ. ಆ ಕರೆಂಟ್ ತಾಮ್ರದ ಗೆರೆಗಳನ್ನು ತಿಂದು ಹಾಕುತ್ತದೆ. ನೀರಿನಿಂದ ಬಂದ ಕೂಡಲೇ ಮುಚ್ಚಳ ಬಿಚ್ಚಿ ಬ್ಯಾಟರಿ ತೆಗೆಯಬೇಕಿತ್ತು. ಕುಡಿಯುವ ನೀರಲ್ಲಿ ಬೋರ್ಡನ್ನು ಚೆನ್ನಾಗಿ ತೊಳೆದು ನೆರಳಲ್ಲಿ ಪೂರ್ತಿ ಒಣಗಲು ಬಿಡಬೇಕಿತ್ತು. ಉಳಿಯುವ ಸಾಧ್ಯತೆ ಇತ್ತು. ಕೊನೆಗೆ ತಮ್ಮ ಚಮಚದ ಹಿಡಿಯಿಂದ ಮುಚ್ಚಳ ಎಬ್ಬಿಸಿದಾಗ ಬ್ಯಾಟರಿ ಸುತ್ತ ಕಂದು ನೊರೆ. ಮಾರನೇ ದಿನ ಬೆಳಿಗ್ಗೆಗೆ ಬೋರ್ಡಿನ ಅಂಚೆಲ್ಲ ಹಳೇ ತಾಮ್ರದ ಚೆಂಬಿನ ಕಿಲುಬಿನ ಹಾಗೆ ಹಸಿರಾಗಿತ್ತು.

ಕೀಯ ಕಬ್ಬಿಣದ ಭಾಗದಿಂದ ಬಾಗಿಲು ತೆರೆಯಿತು. ತೆರೆದ ಕೂಡಲೇ ಅಲಾರಾಂ ಕಿರುಚಲು ಶುರು. ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಈಗಿನ ಗಾಡಿಗಳಲ್ಲಿ ಕೀ ಒಳಗೆ ಒಂದು ಚಿಪ್ ಇರುತ್ತದೆ, ಅದು ಗಾಡಿಗೆ ಉತ್ತರ ಕೊಡದಿದ್ದರೆ ಎಂಜಿನ್ ಏಳುವುದಿಲ್ಲ. ಕೆಲವು ಕೀಗಳಲ್ಲಿ ಚಿಪ್ ಬೇರೆಯಾಗಿ ಗಾಜಿನ ಕೊಳವೆಯಲ್ಲಿರುತ್ತದೆ, ನೀರು ಬಿದ್ದರೂ ಉಳಿಯುತ್ತದೆ. ನಮ್ಮದರಲ್ಲಿ ಅದೇ ಬೋರ್ಡಿನ ಮೇಲಿತ್ತು. ಎರಡನೇ ಕೀ? ಬಾಡಿಗೆಗೆ ಕೊಟ್ಟವರ ಬಳಿ, ಫ್ರಾನ್ಸಿನಲ್ಲಿ. ಗಾಡಿ ತಗೊಳ್ಳುವಾಗ ನಾನು ಕೇಳಿಯೇ ಇರಲಿಲ್ಲ.

ಇನ್ನೊಂದು ಕಷ್ಟ. ಅಮಾದೊ ಇರುವುದು ಸಂರಕ್ಷಿತ ನೇಚರ್ ಪಾರ್ಕಿನೊಳಗೆ. 2021ರಿಂದ ಪೋರ್ಚುಗಲ್‌ನಲ್ಲಿ ಇಂಥ ಕಡೆ ವ್ಯಾನಿನಲ್ಲಿ ರಾತ್ರಿ ಕಳೆಯುವಂತಿಲ್ಲ. ಬೇರೆ ಕಡೆ ಒಂದು ಮುನ್ಸಿಪಾಲಿಟಿಯಲ್ಲಿ 48 ಗಂಟೆವರೆಗೆ ಬಿಡುತ್ತಾರೆ, ಇಲ್ಲಿ ಒಂದು ರಾತ್ರಿಯೂ ಇಲ್ಲ. ಬೀಚ್ ಪಕ್ಕದಲ್ಲೇ ಮಲಗಿ ಸೂರ್ಯೋದಯಕ್ಕೆ ಏಳುತ್ತೇವೆ ಎಂದು ಬರೆದಿದ್ದೀರಲ್ಲ, ಆ ಆಸೆ ಬಿಟ್ಟುಬಿಡಿ. ದಂಡ ಹಾಕುತ್ತಾರೆ. ನಮ್ಮದು ಅಲುಗಾಡದ ಗಾಡಿ, ಕತ್ತಲಾಗುತ್ತಿತ್ತು, ಒದ್ದೆ ವೆಟ್‌ಸೂಟ್ ಮೇಲೆ ಉತ್ತರದ ಗಾಳಿ. ನಡುಗುತ್ತಾ ಹಳ್ಳಿಗೆ ನಡೆದೆವು.

ಅಲ್ಲಿ ಒಂದು ಸಣ್ಣ ಕೆಫೆ. ನಡುವಯಸ್ಸಿನ ಹೆಂಗಸು. ಅವರಿಗೆ ಇಂಗ್ಲಿಷ್ ಬಾರದು, ನಮಗೆ ಪೋರ್ಚುಗೀಸ್ ಬಾರದು. ನಾನು ಕೈಯಲ್ಲಿ ತಿರುಗಿಸಿ ತೋರಿಸಿದೆ. ಅವರು "ಶಾವ್? ಶಾವ್?" ಎಂದು ಕೇಳಿದರು. ನನಗೆ ತಲೆಗೆ ಹೋಗಲಿಲ್ಲ. ತಮ್ಮ ನನ್ನ ತೋಳು ಹಿಡಿದು, "ಅಕ್ಕಾ, ಚಾವಿ ಅಂತಿದ್ದಾರೆ!" ಎಂದ. ಹೌದು, ಅವರ ಅದೇ ಪದ ನಮ್ಮೂರಿನ ಚಾವಿ. ಪೋರ್ಚುಗೀಸರಿಂದಲೇ ನಮ್ಮ ಕರಾವಳಿಗೆ ಬಂದದ್ದು. ಅಜ್ಜಿ ದಿನಕ್ಕೆ ಹತ್ತು ಸಲ "ಕಪಾಟಿನ ಚಾವಿ ಎಲ್ಲಿ?" ಎನ್ನುತ್ತಿದ್ದರು. ಅಷ್ಟು ದೂರದ ಹಳ್ಳಿಯಲ್ಲಿ ಆ ಪದ ಕೇಳಿ ನನಗೆ ಅಳು ಬಂತು. ಅವರು ಫೋನ್ ಮಾಡಿ ಗಾಡಿ ಎಳೆಯುವವರನ್ನು ಕರೆಸಿದರು. ಕಾಯುವಾಗ ಬಿಸಿ ಬಿಸಿ ಸುಟ್ಟ ಗೆಣಸು ಕೊಟ್ಟರು. ಪಕ್ಕದ ಅಲ್ಜೆಝೂರ್‌ನ ಗೆಣಸು ದೇಶಕ್ಕೇ ಹೆಸರುವಾಸಿ.

ಗಾಡಿ ಎಳೆದದ್ದು, ಕೊರಿಯರ್, ಹೊಸ ಕೀ, ತಡವಾಗಿ ಗಾಡಿ ಮರಳಿಸಿದ್ದಕ್ಕೆ ದಂಡ, ಎಲ್ಲ ಸೇರಿ 610 ಯೂರೋ ಹೋಯಿತು. ಸಾಗ್ರೆಸ್ ನೋಡಲೇ ಇಲ್ಲ.

ಕೀ ಬರುವವರೆಗೆ ಮೂರು ದಿನ ಹತ್ತಿರದ ಕ್ಯಾಂಪಿಂಗ್‌ನಲ್ಲಿ ಇದ್ದೆವು. ಮೊದಲ ದಿನ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಬೇರೆ ದಾರಿ ಇಲ್ಲದೆ ಬೋರ್ಡ್ ತಗೊಂಡು ಅದೇ ಬೀಚಿಗೆ ಹೋದೆವು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಇಳಿತ ಮುಗಿದು ನೀರು ಏರಲು ಶುರುವಾದ ಎರಡು ಗಂಟೆ ಮೇಲೆ ಎಡಬದಿಯ ಮರಳು ದಿಬ್ಬದ ಮೇಲೆ ಅಲೆ ಉದ್ದಕ್ಕೆ ತೆರೆದುಕೊಳ್ಳುತ್ತದೆ ಎಂದು ಎರಡನೇ ದಿನ ಗೊತ್ತಾಯಿತು. ಆ ವಾರ ಮರಳು ಕೂತಿದ್ದ ರೀತಿಗೆ ಹಾಗೆ. ದಿಬ್ಬದ ಪಕ್ಕದಲ್ಲಿ ನೀರು ವಾಪಸ್ ಹೋಗುವ ಕಾಲುವೆ ಇತ್ತು. ಈಜು ಬಾರದವರಿಗೆ ಅದು ಅಪಾಯ, ಬೋರ್ಡ್ ಇದ್ದವರಿಗೆ ಆಚೆ ಹೋಗುವ ದಾರಿ. ಮೂರನೇ ದಿನ ಸಂಜೆ ನಾನು ಮೊದಲ ಸಲ ನೊರೆಯಲ್ಲಿ ಅಲ್ಲ, ಮುರಿಯದ ಹಸಿರು ಅಲೆಯಲ್ಲಿ ಎದ್ದು ನಿಂತೆ, ದಡದವರೆಗೂ ಬಂದೆ. ಆ ಮೂರು ದಿನ ನೀರಿನಲ್ಲಿದ್ದಾಗ ಒಂದು ಸಲವೂ ತಿರುಗಿ ಪಾರ್ಕಿಂಗ್ ಕಡೆ ನೋಡಿರಲಿಲ್ಲ. ನೋಡಲು ಅಲ್ಲಿ ವ್ಯಾನೇ ಇರಲಿಲ್ಲವಲ್ಲ!

ವ್ಯಾನ್ ಎಂದರೆ ಸ್ವಾತಂತ್ರ್ಯ ಎಂದು ನೀವು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಕಲಿಯುವ ಹಂತದಲ್ಲಿ ಇರುವವರಿಗೆ ಅದು ಕಾವಲು ಕಾಯುವ ಕೆಲಸ. ನಿಮ್ಮ ಜಾಗದಲ್ಲಿ ನಾನಿದ್ದರೆ ಲಿಸ್ಬನ್‌ಗೆ ವಿಮಾನ ಹಿಡಿದು, ಅಲ್ಲಿಂದ 100 ಕಿಲೋಮೀಟರ್ ಆಸುಪಾಸಿನ ಪೆನಿಶ್‌ಗೆ ಬಸ್ಸಿನಲ್ಲಿ ಹೋಗಿ ಹತ್ತು ದಿನ ಅಲ್ಲೇ ಕೂರುತ್ತೇನೆ. ಅದು ಕಡಲಿಗೆ ಚಾಚಿದ ಭೂಮಿ. ಒಂದು ಪಕ್ಕ ಗಾಳಿ ಕೆಡಿಸಿದರೆ ಇನ್ನೊಂದು ಪಕ್ಕ ನಡೆಯುತ್ತದೆ. ಬಲೆಯಾಲ್ ಕಡೆ ಕಲಿಯುವವರಿಗೆ ಸರಿಯಾದ ಅಲೆ ಇದೆ, ಬೋರ್ಡೂ ವೆಟ್‌ಸೂಟೂ ಬಾಡಿಗೆಗೆ ಸಿಗುತ್ತವೆ. ಅಲ್ಲಿನ ಸೂಪರ್‌ಟುಬೋಸ್ ನುರಿತವರ ಬೀಚ್, ಅದಕ್ಕೆ ಮಾತ್ರ ದಡದಿಂದಲೇ ಕೈ ಮುಗಿಯಿರಿ. ಎರಿಸೈರಾ ಹೆಸರು ಕೇಳಿರುತ್ತೀರಿ, 2011ರಲ್ಲಿ ವರ್ಲ್ಡ್ ಸರ್ಫಿಂಗ್ ರಿಸರ್ವ್, ಅಂದರೆ ಅಲೆಗಳನ್ನು ಕಾಪಾಡಲು ಗುರುತಿಸಿದ ತಾಣ, ಆದ ಊರು. ಅಲ್ಲಿ ತಳದಲ್ಲಿ ಬಂಡೆ ಜಾಸ್ತಿ, ಕಾಲು ಕೊಯ್ಯುತ್ತದೆ. ಮುಂದಿನ ಸಲಕ್ಕೆ ಇಟ್ಟುಕೊಳ್ಳಿ.

ಇಷ್ಟು ಹೇಳಿದ ಮೇಲೂ ವ್ಯಾನೇ ಬೇಕು ಎಂದರೆ ಚಿಕ್ಕದು ತಗೊಳ್ಳಿ, ಎತ್ತರ 2 ಮೀಟರ್ ಒಳಗೆ. ಎಷ್ಟೋ ಬೀಚ್ ಪಾರ್ಕಿಂಗ್ ಬಾಗಿಲಲ್ಲಿ ಕಬ್ಬಿಣದ ಅಡ್ಡಪಟ್ಟಿ ಇರುತ್ತದೆ, ದೊಡ್ಡದು ಒಳಗೇ ಹೋಗುವುದಿಲ್ಲ. ಮೂರು ದೇಶ ಬೇಡ, ಒಂದೇ ಸಾಕು.

ಮತ್ತೆ ಕೀ. ಬಹಳಷ್ಟು ಎಲೆಕ್ಟ್ರಾನಿಕ್ ಕೀಗಳಲ್ಲಿ ಕಬ್ಬಿಣದ ಪಟ್ಟಿ ಬೇರೆಯಾಗಿ ಹೊರಗೆ ಬರುತ್ತದೆ. ಅದನ್ನು ಮಾತ್ರ ದಾರ ಕಟ್ಟಿ ವೆಟ್‌ಸೂಟಿನ ಕೀ ಜೇಬಿಗೆ ಹಾಕಿ, ಚಿಪ್ ಇರುವ ಭಾಗವನ್ನು ಅದರ ಸಿಗ್ನಲ್ ಗಾಡಿಗೆ ಸಿಗದಂತೆ ಅಲ್ಯೂಮಿನಿಯಂ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ವ್ಯಾನ್ ಒಳಗಿಟ್ಟು, ಪಟ್ಟಿಯಿಂದಲೇ ಬಾಗಿಲು ಹಾಕಿ. ಮೊದಲ ಸಲ ಮಾಡುವಾಗ ಕಿಟಕಿ ತೆರೆದಿಟ್ಟು ಪರೀಕ್ಷಿಸಿ. ಗಾಡಿ ಬುಕ್ ಆಗಿದ್ದರೆ ಇವತ್ತೇ ಅವರಿಗೆ ಫೋನ್ ಮಾಡಿ ಎರಡನೇ ಕೀ ಯಾರ ಹತ್ತಿರ ಇರುತ್ತದೆ, ಅದನ್ನೂ ನಮಗೆ ಕೊಡುತ್ತೀರಾ ಎಂದು ಕೇಳಿ. ಏನಂದರು ಎಂದು ಇಲ್ಲಿ ತಿಳಿಸಿ, ಯಾವ ಮಾಡೆಲ್ ಎಂದೂ ಬರೆಯಿರಿ.