ತಡವಾಗಿ ಉತ್ತರಿಸುವ ಸಾಧನಕ್ಕಾಗಿ ಎಸ್‌ಎನ್‌ಎಂಪಿ ಏಜೆಂಟ್ ಕಾಯುತ್ತ ನಿಲ್ಲದಂತೆ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಬೀದರ್‌ನ ನಿಮ್ಮ ಕಚೇರಿಯ ಯುಪಿಎಸ್‌ನಿಂದ ಬ್ಯಾಟರಿಯ ವಿವರವನ್ನು ಮಾಡ್‌ಬಸ್ (ಸಾಧನದ ರಿಜಿಸ್ಟರ್‌ಗಳನ್ನು ಓದುವ ಸಂವಹನ ವಿಧಾನ) ಮೂಲಕ ಓದಿ, ನೆಟ್-ಎಸ್‌ಎನ್‌ಎಂಪಿ ಏಜೆಂಟ್ (ಜಾಲದ ಮೇಲ್ವಿಚಾರಣೆಗೆ ಬಳಸುವ ಎಸ್‌ಎನ್‌ಎಂಪಿ ಪ್ರೊಟೊಕಾಲ್‌ನಲ್ಲಿ ಬಂದ ಪ್ರಶ್ನೆಗಳಿಗೆ ಉತ್ತರಿಸುವ ಪ್ರೋಗ್ರಾಂ) ಮೂಲಕ ಕೊಡುವ ಒಂದು ಮಾಡ್ಯೂಲನ್ನು ಸಿ ಭಾಷೆಯಲ್ಲಿ ಬರೆದಿದ್ದೀರಿ. ಯುಪಿಎಸ್ ಉತ್ತರಿಸಲು ಮೂರು ನಾಲ್ಕು ಸೆಕೆಂಡ್ ತೆಗೆದುಕೊಂಡಾಗಲೆಲ್ಲ, ಅದಕ್ಕೆ ಸಂಬಂಧವೇ ಇಲ್ಲದ ಇಂಟರ್‌ಫೇಸ್ ಕೌಂಟರ್‌ಗಳಿಗೂ (ನೆಟ್‌ವರ್ಕ್ ಸಂಚಾರದ ಲೆಕ್ಕಗಳಿಗೂ) ಟೈಮ್‌ಔಟ್ ಬರುತ್ತಿದೆ. ಇದಕ್ಕೆ ಥ್ರೆಡ್ (ಅದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಇನ್ನೊಂದು ಕೆಲಸ) ಬಳಸಬೇಕೇ ಎಂದು ಕೇಳಿದ್ದೀರಿ. ಬಳಸಬೇಕಿಲ್ಲ. ಏಜೆಂಟ್‌ನಲ್ಲೇ ಇದಕ್ಕೊಂದು ದಾರಿ ಇದೆ. ಆದರೆ ಆ ದಾರಿಯಲ್ಲಿ ಹೊರಡುವುದು ಸುಲಭ, ಸರಿಯಾಗಿ ಮುಗಿಸುವುದು ಕಷ್ಟ. ಆದ್ದರಿಂದ ಮುಗಿಸುವ ಭಾಗವನ್ನೇ ಹೆಚ್ಚು ವಿವರಿಸುತ್ತೇನೆ.

ಎಸ್‌ಎನ್‌ಎಂಪಿಡಿ, ಅಂದರೆ ಈ ಏಜೆಂಟ್, ಒಂದೇ ಥ್ರೆಡ್‌ನಲ್ಲಿ, ಒಂದೇ ಲೂಪ್ ಸುತ್ತುವ ಪ್ರೋಗ್ರಾಂ. ನಿಮ್ಮ ಹ್ಯಾಂಡ್ಲರ್ (ಪ್ರಶ್ನೆ ಬಂದಾಗ ಏಜೆಂಟ್ ಕರೆಯುವ ನಿಮ್ಮ ಫಂಕ್ಷನ್) ಒಳಗೆ ಸೀರಿಯಲ್ ಪೋರ್ಟ್ ಓದುತ್ತ ಕುಳಿತಿರುವಷ್ಟು ಹೊತ್ತು ಎಸ್‌ಎನ್‌ಎಂಪಿಯ 161ನೇ ಪೋರ್ಟ್‌ಗೆ ಬಂದ ಪ್ಯಾಕೆಟ್‌ಗಳನ್ನು ನೋಡುವವರೇ ಇರುವುದಿಲ್ಲ. ತೊಗರಿ ಸುಗ್ಗಿಯಲ್ಲಿ ನಮ್ಮ ಕಲಬುರಗಿಯ ಗಂಜ್‌ಗೆ ಬಂದವರಿಗೆ ಇದು ಕೂಡಲೇ ಅರ್ಥವಾಗುತ್ತದೆ: ಚೀಟಿ ಇಲ್ಲದ ಒಂದು ಲಾರಿ ವೇಬ್ರಿಡ್ಜ್ ಮೇಲೆ ನಿಂತುಬಿಟ್ಟರೆ ಹಿಂದಿನ ಸಾಲು ರಸ್ತೆಯವರೆಗೆ ಬೆಳೆಯುತ್ತದೆ. ತೂಕ ಮಾಡುವವರು ಅದರ ನಂಬರ್ ಬರೆದುಕೊಂಡು, ಲಾರಿಯನ್ನು ಪಕ್ಕಕ್ಕೆ ಹಾಕಿಸಿ, ಮುಂದಿನದನ್ನು ಕರೆಯಬೇಕು. ಡೆಲಿಗೇಟೆಡ್ ವಿನಂತಿ ಎಂದರೆ ಇಷ್ಟೇ.

ಹ್ಯಾಂಡ್ಲರ್‌ಗೆ ಬಂದ ವಿನಂತಿಯಲ್ಲಿ ಡೆಲಿಗೇಟೆಡ್ ಎಂಬ ಫೀಲ್ಡ್ ಇದೆ. ಅದಕ್ಕೆ 1 ಕೊಡಿ. ಹ್ಯಾಂಡ್ಲರ್, ನೋಂದಣಿಯ ವಿವರ, ವಿನಂತಿಯ ವಿವರ ಮತ್ತು ವಿನಂತಿ ಈ ನಾಲ್ಕನ್ನೂ, ಬೇಕಿದ್ದರೆ ನಿಮ್ಮದೇ ಒಂದು ಪಾಯಿಂಟರ್ ಅನ್ನೂ, ಡೆಲಿಗೇಟೆಡ್ ಕ್ಯಾಶ್ (ಆಮೇಲೆ ಉತ್ತರಿಸಲು ಬೇಕಾದುದನ್ನೆಲ್ಲ ಕೂಡಿಡುವ ಜಾಗ) ಸೃಷ್ಟಿಸುವ ಫಂಕ್ಷನ್‌ಗೆ ಕೊಟ್ಟು, ಅದು ಹಿಂದಿರುಗಿಸಿದ್ದನ್ನು ಜೋಪಾನವಾಗಿಟ್ಟು, ದೋಷವಿಲ್ಲವೆಂದು ಹೇಳಿ ಹ್ಯಾಂಡ್ಲರ್‌ನಿಂದ ಹೊರಬನ್ನಿ. ಒಂದೇ ಪ್ಯಾಕೆಟ್‌ನಲ್ಲಿ ನಿಮ್ಮ ಹಲವು ಮೌಲ್ಯಗಳನ್ನು ಕೇಳಿದ್ದರೆ ವಿನಂತಿಗಳು ಸರಪಳಿಯಾಗಿ ಬರುತ್ತವೆ. ಮೊದಲನೆಯದಕ್ಕೆ ಮಾತ್ರ ಗುರುತು ಹಾಕಿ ಉಳಿದವನ್ನು ಮರೆಯುವುದು ಸಾಮಾನ್ಯ ತಪ್ಪು. ನೆಟ್-ಎಸ್‌ಎನ್‌ಎಂಪಿಯ ಮೂಲ ಕೋಡ್‌ನಲ್ಲಿರುವ ಮಾದರಿಗಳ ಫೋಲ್ಡರ್‌ನಲ್ಲಿ ಡಿಲೇಡ್ ಇನ್‌ಸ್ಟನ್ಸ್ ಎಂಬ ಫೈಲ್ ಇದೆ. ಅದು ಅಲಾರ್ಮ್ ಇಟ್ಟು ಸ್ವಲ್ಪ ಹೊತ್ತಿನ ನಂತರ ಉತ್ತರಿಸುತ್ತದೆ. ನೀವು ಅಲಾರ್ಮ್ ಬದಲು ಸೀರಿಯಲ್ ಪೋರ್ಟ್‌ನ ಫೈಲ್ ಡಿಸ್ಕ್ರಿಪ್ಟರನ್ನೇ ಏಜೆಂಟ್‌ನ ಲೂಪ್‌ಗೆ ನೋಂದಾಯಿಸಬಹುದು. ಬೈಟ್ ಬಂದಾಗ ಏಜೆಂಟೇ ನಿಮ್ಮ ಫಂಕ್ಷನ್ ಅನ್ನು ಕರೆಯುತ್ತದೆ.

ಇಲ್ಲಿ ನಾನು ಎಡವಿದ ಒಂದು ಜಾಗವನ್ನು ಹೇಳಲೇಬೇಕು. ಜೇವರ್ಗಿ ರಸ್ತೆಯ ಒಂದು ಟವರ್‌ನಲ್ಲಿ ಬ್ಯಾಟರಿಯ ಉಷ್ಣಾಂಶ ಓದಲು ಇಂಥದೇ ಮಾಡ್ಯೂಲ್ ಬರೆದಿದ್ದೆ. ಎರಡು ರಿಜಿಸ್ಟರ್‌ಗಳನ್ನು ಕೇಳಿದರೆ ಮಾಡ್‌ಬಸ್ ಆರ್‌ಟಿಯು ಕೊಡುವ ಉತ್ತರ 9 ಬೈಟ್: ವಿಳಾಸ, ಫಂಕ್ಷನ್ ಸಂಖ್ಯೆ, ಎಣಿಕೆ, ನಾಲ್ಕು ಬೈಟ್ ಮಾಹಿತಿ, ಕೊನೆಗೆ ಎರಡು ಬೈಟ್ ಸಿಆರ್‌ಸಿ (ಉತ್ತರ ಕೆಡದೆ ಬಂದಿದೆಯೇ ಎಂದು ನೋಡುವ ಪರೀಕ್ಷಾ ಸಂಖ್ಯೆ). ನನ್ನ ಫಂಕ್ಷನ್ ಕರೆಬಂದಾಗ ಐದೇ ಬೈಟ್ ಬಂದಿದ್ದವು. ಉಳಿದ ನಾಲ್ಕಕ್ಕಾಗಿ ನಾನು ಅಲ್ಲೇ ಒಂದು ಲೂಪ್ ಹಾಕಿ ಕಾದೆ. ಮೇಜಿನ ಮೇಲಿನ ಪರೀಕ್ಷೆಯಲ್ಲಿ ಅವು ಕೂಡಲೇ ಬರುತ್ತಿದ್ದುದರಿಂದ ತಪ್ಪು ಕಾಣಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಆ ಟವರ್‌ನ ಕಂಟ್ರೋಲರ್ ಅರ್ಧ ಉತ್ತರ ಕೊಟ್ಟು ಸುಮ್ಮನಾಯಿತು, ಏಜೆಂಟ್ ಅಲ್ಲೇ ಸಿಕ್ಕಿಕೊಂಡಿತು, ಪರದೆಯ ಮೇಲೆ ಇಡೀ ಟವರ್ ಕೆಂಪಾಯಿತು. ಸಹೋದ್ಯೋಗಿಯೊಬ್ಬರು ಆ ಬಿಸಿಲಿನಲ್ಲಿ ಬೈಕ್ ಮೇಲೆ ಹೋಗಿ ನೋಡಿದರೆ ಲಿಂಕ್ ಚೆನ್ನಾಗಿಯೇ ನಡೆಯುತ್ತಿತ್ತು. ಅವರನ್ನು ಸುಮ್ಮನೆ ಕಳುಹಿಸಿದ ನೋವು ನನಗೆ ಇಂದಿಗೂ ಇದೆ. ಆದ್ದರಿಂದ ಬಂದಷ್ಟು ಬೈಟ್‌ಗಳನ್ನು ಬಫರ್‌ಗೆ ಸೇರಿಸಿ ಹೊರಬನ್ನಿ. ಒಂಬತ್ತೂ ಸೇರಿ ಸಿಆರ್‌ಸಿ ಹೊಂದಿದ ಮೇಲೆ ಮಾತ್ರ ಉತ್ತರಕ್ಕೆ ಕೈಹಾಕಿ.

ಉತ್ತರ ಸಿದ್ಧವಾದಾಗ ಮೊದಲು ಮಾಡಬೇಕಾದುದು, ಆ ಕ್ಯಾಶ್ ಇನ್ನೂ ಊರ್ಜಿತವಾಗಿದೆಯೇ ಎಂದು ಏಜೆಂಟ್‌ನ ಪರಿಶೀಲನಾ ಫಂಕ್ಷನ್ ಮೂಲಕ ಕೇಳುವುದು. ಅಷ್ಟರಲ್ಲಿ ಪ್ರಶ್ನೆ ಕೇಳಿದ ಸೆಷನ್ ಮುಚ್ಚಿಹೋಗಿದ್ದರೆ ಅದು ನಲ್ (ಖಾಲಿ ಪಾಯಿಂಟರ್) ಕೊಡುತ್ತದೆ; ಆಗ ಹಳೆಯ ವಿನಂತಿಯ ಪಾಯಿಂಟರನ್ನು ಮುಟ್ಟಿದರೆ ಏಜೆಂಟ್ ಬೀಳಬಹುದು. ಆ ನಲ್ ಅನ್ನು ಮೂಲ ಪಾಯಿಂಟರ್ ಮೇಲೆಯೇ ಬರೆದುಕೊಂಡರೆ ಬಿಡುಗಡೆ ಮಾಡಲು ಏನೂ ಉಳಿಯದೆ ಮೆಮೊರಿ ಸೋರುತ್ತದೆ, ಆದ್ದರಿಂದ ಮೂಲವನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ. ಎಲ್ಲ ಸರಿಯಿದ್ದರೆ ಡೆಲಿಗೇಟೆಡ್ ಅನ್ನು 0 ಮಾಡಿ, ಮೌಲ್ಯ ತುಂಬಿ, ಕ್ಯಾಶ್ ಬಿಡುಗಡೆ ಮಾಡಿ. ಪ್ಯಾಕೆಟ್ ಕಳುಹಿಸುವ ಕೆಲಸ ನಿಮ್ಮದಲ್ಲ. ಬಾಕಿ ಇರುವ ವಿನಂತಿಗಳನ್ನು ಮುಖ್ಯ ಲೂಪ್ ತಾನೇ ನೋಡಿ ಕಳುಹಿಸುತ್ತದೆ.

ಉತ್ತರ ಬರುವುದೇ ಇಲ್ಲವೆಂದಾದರೆ? ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದೇ ಮುಖ್ಯ. ಮುಗಿಯದ ಒಂದು ಡೆಲಿಗೇಟೆಡ್ ವಿನಂತಿ ಪಟ್ಟಿಯಲ್ಲಿ ಉಳಿದಿರುವಾಗ ಯಾರಾದರೂ ಸೆಟ್ (ಮೌಲ್ಯ ಬದಲಾಯಿಸುವ ವಿನಂತಿ) ಕಳುಹಿಸಿದರೆ, ಹಳೆಯ ವಿನಂತಿಗಳು ಮುಗಿಯುವವರೆಗೆ ಏಜೆಂಟ್ ಆ ಸೆಟ್ ಅನ್ನು ಸರದಿಯಲ್ಲಿ ನಿಲ್ಲಿಸುತ್ತದೆ. ಸೆಟ್ ಕಾಯುತ್ತಿರುವುದರಿಂದ ಅದರ ನಂತರ ಬಂದ ಗೆಟ್‌ಗಳೂ (ಮೌಲ್ಯ ಕೇಳುವ ವಿನಂತಿಗಳೂ) ಅದರ ಹಿಂದೆ ನಿಲ್ಲುತ್ತವೆ. ತಡೆಯಬೇಕೆಂದು ಹೊರಟ ಸ್ಥಗಿತವೇ ಇನ್ನೊಂದು ಬಾಗಿಲಿನಿಂದ, ಈ ಬಾರಿ ಕೊನೆಯೇ ಇಲ್ಲದೆ, ಬರುತ್ತದೆ. ಆದ್ದರಿಂದ ಗುರುತು ಹಾಕಿದ ಕ್ಷಣದಲ್ಲೇ ಪ್ರತಿ ವಿನಂತಿಗೂ ಒಂದು ಗಡುವಿನ ಅಲಾರ್ಮ್ ಇಡಿ. ಗಡುವು ಮೀರಿದರೆ ಗುರುತು ತೆಗೆದು, ಆ ಮೌಲ್ಯಕ್ಕೆ ಮಾತ್ರ ‘ಇನ್‌ಸ್ಟನ್ಸ್ ಇಲ್ಲ’ ಎಂದು ಉತ್ತರಿಸಿ. ಸಾಮಾನ್ಯ ದೋಷ ಎಂದು ಹೇಳಿದರೆ ಅದೇ ಪ್ಯಾಕೆಟ್‌ನ ಉಳಿದ ಮೌಲ್ಯಗಳೂ ಕೈತಪ್ಪುತ್ತವೆ. ಉತ್ತರ ಮೊದಲು ಬಂದರೆ ಅಲಾರ್ಮ್ ರದ್ದುಮಾಡುವುದನ್ನು ಮರೆಯಬೇಡಿ.

ಗಡುವು ಎಷ್ಟಿರಬೇಕು ಎನ್ನುವುದು ಕೇಳುವವರ ಮೇಲೆ ನಿಂತಿದೆ. ನೆಟ್-ಎಸ್‌ಎನ್‌ಎಂಪಿಯ ಸ್ವಂತ ಕಮಾಂಡ್‌ಗಳು ಬೇರೆ ಹೇಳದಿದ್ದರೆ 1 ಸೆಕೆಂಡ್ ಕಾದು, 5 ಬಾರಿ ಮರುಯತ್ನಿಸುತ್ತವೆ. ಅಂದರೆ ನಿಮ್ಮ ನಾಲ್ಕು ಸೆಕೆಂಡಿನ ಯುಪಿಎಸ್‌ಗೆ ಒಂದೇ ಪ್ರಶ್ನೆ ನಾಲ್ಕೈದು ಸಲ ಬಂದು, ಪ್ರತಿಯೊಂದೂ ಹೊಸ ಡೆಲಿಗೇಟೆಡ್ ವಿನಂತಿಯಾಗುತ್ತದೆ. ಪ್ರತಿಯೊಂದಕ್ಕೂ ತಂತಿಯ ಮೇಲೆ ಹೊಸ ಪ್ರಶ್ನೆ ಕಳುಹಿಸಬೇಡಿ. ಒಂದು ರಿಜಿಸ್ಟರ್‌ಗೆ ಒಂದೇ ಓದು ನಡೆಯಲಿ, ಅದಕ್ಕಾಗಿ ಕಾಯುತ್ತಿರುವವರನ್ನೆಲ್ಲ ಒಂದು ಪಟ್ಟಿಯಲ್ಲಿಟ್ಟು ಒಟ್ಟಿಗೆ ಉತ್ತರಿಸಿ.

ಇಷ್ಟೆಲ್ಲ ಹೇಳಿದ ಮೇಲೂ, ಬ್ಯಾಟರಿಯ ಉಷ್ಣಾಂಶದಂತಹ ನಿಧಾನವಾಗಿ ಬದಲಾಗುವ ಮೌಲ್ಯಕ್ಕೆ ನಾನು ಈಗ ಈ ದಾರಿ ಹಿಡಿಯುವುದಿಲ್ಲ. ಅರ್ಧ ನಿಮಿಷಕ್ಕೊಮ್ಮೆ ಹಿನ್ನೆಲೆಯಲ್ಲಿ, ಇದೇ ರೀತಿ ಕಾಯದೆ, ಓದಿ ಇಟ್ಟುಕೊಂಡು ಹ್ಯಾಂಡ್ಲರ್ ನೆನಪಿನಿಂದಲೇ ಉತ್ತರಿಸಿದರೆ ಸಾಕು. ಬ್ಯಾಟರಿ ಪರೀಕ್ಷೆ ಆರಂಭಿಸುವ ಸೆಟ್, ಆ ಕ್ಷಣದ್ದೇ ಬೇಕಾದ ಓದು, ಇವಕ್ಕೆ ಮಾತ್ರ ಡೆಲಿಗೇಟೆಡ್ ಉಳಿಸಿಕೊಂಡಿದ್ದೇನೆ. ಏಜೆಂಟ್ ಹೊರಗಿನಿಂದ ಓಡಿಸಿ ಮೌಲ್ಯ ಪಡೆಯುವ ಪಾಸ್ ಮತ್ತು ಪಾಸ್ ಪರ್ಸಿಸ್ಟ್ ಸ್ಕ್ರಿಪ್ಟ್‌ಗಳಿಂದ ಪ್ರಯೋಜನವಿಲ್ಲ, ಏಜೆಂಟ್ ಅವುಗಳಿಗೂ ಕಾಯುತ್ತದೆ. 2000ದ ಜನವರಿಯಲ್ಲಿ ಆರ್‌ಎಫ್‌ಸಿ 2741 ಆಗಿ ಪ್ರಕಟವಾದ ಏಜೆಂಟ್‌ಎಕ್ಸ್ (ಮುಖ್ಯ ಏಜೆಂಟ್ ಮತ್ತು ಉಪ-ಏಜೆಂಟ್‌ಗಳು ಮಾತಾಡಿಕೊಳ್ಳುವ ಪ್ರೊಟೊಕಾಲ್) ಬಳಸಿ ಮಾಡ್ಯೂಲನ್ನು ಪ್ರತ್ಯೇಕ ಪ್ರೋಗ್ರಾಂ ಮಾಡಿದರೆ ಉಳಿದ ಕೌಂಟರ್‌ಗಳು ಬದುಕುತ್ತವೆ, ಏಕೆಂದರೆ ಮುಖ್ಯ ಏಜೆಂಟ್ ಒಳಗಡೆ ಇದೇ ಡೆಲಿಗೇಟೆಡ್ ವಿಧಾನವನ್ನು ಬಳಸುತ್ತದೆ. ಆದರೆ ಅಲ್ಲಿಯೂ 1 ಸೆಕೆಂಡಿನ ಟೈಮ್‌ಔಟ್ ಇರುವುದರಿಂದ ಅದನ್ನು ಹೆಚ್ಚಿಸಬೇಕಾಗುತ್ತದೆ. ಮಾಡ್‌ಬಸ್ ಲೈಬ್ರರಿಯ ಕಾರಣದಿಂದ ಥ್ರೆಡ್ ಅನಿವಾರ್ಯವಾದರೆ, ಆ ಥ್ರೆಡ್ ವಿನಂತಿಯನ್ನು ಮುಟ್ಟದೆ ಒಂದು ಪೈಪ್‌ಗೆ ಒಂದು ಬೈಟ್ ಬರೆಯಲಿ. ಉಳಿದುದನ್ನು ಮುಖ್ಯ ಲೂಪ್ ಮಾಡಲಿ.

ಬರೆದ ಮೇಲೆ ಹೀಗೆ ಪರೀಕ್ಷಿಸಿ. ಯುಪಿಎಸ್‌ನ ಆರ್‌ಎಸ್-485 ತಂತಿಯನ್ನು ಕಳಚಿ, ಒಂದು ಟರ್ಮಿನಲ್ ಕಿಟಕಿಯಿಂದ ಉಷ್ಣಾಂಶ ಕೇಳಿ, ಇನ್ನೊಂದರಿಂದ ಕೂಡಲೇ ಸಿಸ್‌ಅಪ್‌ಟೈಮ್ (ಏಜೆಂಟ್ ಎಷ್ಟು ಹೊತ್ತಿನಿಂದ ನಡೆಯುತ್ತಿದೆ ಎಂಬ ಮೌಲ್ಯ) ಕೇಳಿ. ಅದು ತಕ್ಷಣ ಬರಬೇಕು. ನಂತರ ಮತ್ತೊಮ್ಮೆ ಉಷ್ಣಾಂಶ ಕೇಳಿ, ಅದು ಬಾಕಿ ಇರುವಾಗಲೇ ಟೈಮ್‌ಔಟ್ 10, ಮರುಯತ್ನ 0 ಇಟ್ಟು ಸಿಸ್‌ಕಾಂಟ್ಯಾಕ್ಟ್ (ಸಂಪರ್ಕಿಸಬೇಕಾದವರ ವಿವರ) ಸೆಟ್ ಮಾಡಿ. ಕಾನ್ಫಿಗ್ ಫೈಲ್‌ನಲ್ಲಿ ಅದನ್ನು ಬರೆದಿಟ್ಟಿದ್ದರೆ ಏಜೆಂಟ್ ಬದಲಾಯಿಸಲು ಬಿಡುವುದಿಲ್ಲ, ಮೊದಲು ಆ ಸಾಲನ್ನು ತೆಗೆಯಿರಿ. ನಿಮ್ಮ ಗಡುವು ಮುಗಿದ ಕೂಡಲೇ ಸೆಟ್‌ಗೆ ಉತ್ತರ ಬರಬೇಕು. ಬರದೇ ಹೋದರೆ ಕೋಡ್‌ನ ಯಾವುದೋ ಒಂದು ದಾರಿಯಲ್ಲಿ ಡೆಲಿಗೇಟೆಡ್ ಗುರುತು ಇನ್ನೂ 1 ಆಗಿಯೇ ಉಳಿದಿದೆ; ಸಿಆರ್‌ಸಿ ತಪ್ಪಿದಾಗ ಹೊರಬರುವ ದಾರಿಯನ್ನು ಮೊದಲು ನೋಡಿ.