ಚಕ್ಕುಲಿ ಪ್ಯಾಕೆಟ್ಟಿನ ತಾರೀಖು

ಪತ್ರ: ಮನೆಯಲ್ಲೇ ಚಕ್ಕುಲಿ, ಕೋಡುಬಳೆ ಮಾಡಿ ಪ್ಯಾಕೆಟ್‌ನಲ್ಲಿ ಮಾರುತ್ತೇವೆ. ತಾರೀಖು ಹಾಕುವುದು ಅಂದಾಜಿನ ಮೇಲೆ. ತಿಂಡಿಯ ಮೇಲೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹಾಯಿಸಿದರೆ ಅದು ಇನ್ನೆಷ್ಟು ದಿನ ಚೆನ್ನಾಗಿರುತ್ತದೆ ಎಂದು ಯಂತ್ರವೇ ಹೇಳುತ್ತದಂತೆ. ನಿಜವೇ? ನಾವೂ ಒಂದು ಕೊಳ್ಳಬಹುದೇ?
– ಒಬ್ಬ ಓದುಗರು, ದಾವಣಗೆರೆ

ಸಂಪಾದಕರ ಉತ್ತರ: ಅರ್ಧ ನಿಜ. ಯಂತ್ರಕ್ಕೆ ಕಾಣುವುದು ಚಕ್ಕುಲಿಯ ಇವತ್ತಿನ ಸ್ಥಿತಿ ಮಾತ್ರ. ಮುಂದಿನ ಲೆಕ್ಕವನ್ನು ನಾವೇ ಅದಕ್ಕೆ ಕಲಿಸಬೇಕು.

ಚಕ್ಕುಲಿ ಕೆಡುವುದು ಹೆಚ್ಚಾಗಿ ಅದು ಹೀರಿಕೊಂಡ ಎಣ್ಣೆಯಿಂದ. ಎಣ್ಣೆಗೆ ಗಾಳಿಯ ಆಕ್ಸಿಜನ್ ಸೇರಿದಾಗ ಮೊದಲು ಪೆರಾಕ್ಸೈಡ್‌ಗಳು ಹುಟ್ಟುತ್ತವೆ. ಇವಕ್ಕೆ ವಾಸನೆಯೇ ಇಲ್ಲ. ಇವು ಒಡೆದ ಮೇಲೆಯೇ ಮೂಗಿಗೆ ಕಮಟು ಬಡಿಯುವುದು. ಆದರೆ ಎಣ್ಣೆ ಯಾವ ಇನ್‌ಫ್ರಾರೆಡ್ ಬೆಳಕನ್ನು ಎಷ್ಟು ಹೀರುತ್ತದೆ ಎನ್ನುವುದು ಅದಕ್ಕೂ ಮುಂಚೆಯೇ ಬದಲಾಗಿರುತ್ತದೆ. ಹೀರಿದ ಬೆಳಕನ್ನು ಯಂತ್ರ ಗೆರೆಯಾಗಿ ಬರೆಯುತ್ತದೆ. ತಾಜಾ ಎಣ್ಣೆಯ ಗೆರೆಯಲ್ಲಿ, ಬೆಳಕಿನ ಅಲೆಗಳು ಸೆಂಟಿಮೀಟರಿಗೆ 3,008 ಇರುವ ಕಡೆ ಒಂದು ಸಣ್ಣ ಗುರುತು ಇರುತ್ತದೆ. ಎಣ್ಣೆ ಕೆಡುತ್ತಾ ಹೋದಂತೆ ಅದು ಕುಗ್ಗುತ್ತದೆ, 3,400ರ ಆಚೆ ಪೆರಾಕ್ಸೈಡ್‌ನ ಗುರುತು ಏಳುತ್ತದೆ. ಮೂಗಿಗಿಂತ ಯಂತ್ರ ಮುಂದಿರುವುದು ಇಲ್ಲಿ. ಮೆತ್ತಗಾಗುವುದಕ್ಕೆ ಕಾರಣವಾದ ನೀರಿನ ಪಸೆಯನ್ನೂ ಇದೇ ಬೆಳಕಿನಿಂದ ಅಳೆಯಬಹುದು.

ಇನ್ನು ಕಲಿಸುವ ಕೆಲಸ. ಒಂದೇ ದಿನ ಕರಿದ ಚಕ್ಕುಲಿಯ ಹತ್ತಾರು ಪ್ಯಾಕೆಟ್ ಇಡುತ್ತಾರೆ. ಕೆಲವು ಮಾಮೂಲಿ ಕೋಣೆಯಲ್ಲಿ, ಕೆಲವು ಬೇಗ ಕೆಡಲಿ ಎಂದು ಬೆಚ್ಚಗಿನ ಪೆಟ್ಟಿಗೆಯಲ್ಲಿ. ಆಗಾಗ ಒಂದನ್ನು ಒಡೆದು ಬೆಳಕು ಬಿಡುತ್ತಾರೆ, ಅದೇ ದಿನ ಪೆರಾಕ್ಸೈಡ್ ಪರೀಕ್ಷೆ ಮಾಡುತ್ತಾರೆ, ಜನರಿಗೆ ತಿನ್ನಲೂ ಕೊಡುತ್ತಾರೆ. ‘ಇದು ಬೇಡಪ್ಪ’ ಎಂದು ತಿಂದವರು ಹೇಳಿದ ದಿನವೇ ಗಡಿ. ಕೊನೆಗೂ ನಾಲಿಗೆಯದೇ ತೀರ್ಪು, ಅಲ್ವಾ! ಕಂಪ್ಯೂಟರ್ ಈ ಎಲ್ಲವನ್ನೂ ಜೋಡಿಸಿ ಲೆಕ್ಕ ಕಟ್ಟುತ್ತದೆ. ಹೊಸ ಪ್ಯಾಕೆಟ್ ಬಂದಾಗ ಅದು ಈ ಲೆಕ್ಕದಲ್ಲಿ ಎಲ್ಲಿ ನಿಂತಿದೆ ಎಂದು ನೋಡುತ್ತದೆ, ಅಷ್ಟೇ. ನೀವು ಕಡಲೆಕಾಯಿ ಎಣ್ಣೆ ಬಿಟ್ಟು ಪಾಮ್ ಎಣ್ಣೆಗೆ ಹೋದರೆ, ಕವರ್ ಬದಲಿಸಿದರೆ, ಮತ್ತೆ ಮೊದಲಿಂದ ಪಾಠ.

ಇನ್ನೊಂದು ಮಾತು. ಒಳಗೆ ಬೆಳ್ಳಿಯಂತೆ ಹೊಳೆಯುವ ಕವರ್ ಇದ್ದರೆ ಈ ಬೆಳಕು ದಾಟುವುದಿಲ್ಲ, ಒಡೆಯಲೇಬೇಕು. ಬೂಸ್ಟು, ಬ್ಯಾಕ್ಟೀರಿಯಾ ಈಗಷ್ಟೇ ಶುರುವಾಗಿದ್ದರೆ ಯಂತ್ರಕ್ಕೆ ತಿಳಿಯುವುದು ಕಷ್ಟ. ಒಣ ಚಕ್ಕುಲಿಗೆ ಆ ಚಿಂತೆ ಕಡಿಮೆ, ಹೋಳಿಗೆ ಮಾರುವವರಿಗೆ ಜಾಸ್ತಿ.

ಹಾಗಾಗಿ ಕೊಳ್ಳಬೇಡಿ. ಸುಮ್ನೆ ದುಡ್ಡು ದಂಡ. ಮೈಸೂರಿನಲ್ಲಿ 1950ರಿಂದ ಆಹಾರದ್ದೇ ಸಂಶೋಧನೆ ಮಾಡುತ್ತಿರುವ ಸಿಎಫ್‌ಟಿಆರ್‌ಐ ಇದೆ, ಪರೀಕ್ಷೆಗೆ ಅಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಪ್ರತಿ ಸಲ ಕರಿದಾಗಲೂ ಎಂಟು ಪ್ಯಾಕೆಟ್ ಎತ್ತಿಡಿ. ಹದಿನೈದು ದಿನಕ್ಕೊಂದು ಒಡೆದು, ಕರಿದವರನ್ನು ಬಿಟ್ಟು ಬೇರೆಯವರಿಗೆ ತಿನ್ನಿಸಿ, ಅವರು ಹೇಳಿದ್ದನ್ನು ಪುಸ್ತಕದಲ್ಲಿ ಬರೆದಿಡಿ. ಎಂಟರಲ್ಲಿ ನಾಲ್ಕು ಪ್ಯಾಕೆಟ್ ಬಿಸಿಲು ಬೀಳುವ ಕಿಟಕಿಯಲ್ಲಿರಲಿ. ಅಂಗಡಿಯವರು ಮುಂದೆಯೇ ನೇತು ಹಾಕುತ್ತಾರಲ್ಲ.